ಅಂಗಡಿಯಲ್ಲಿ ದೊರೆಯದ ಬಿಡಿಭಾಗ

ಮೋಟಾರು ಕಾರಿನ ಎಂಜಿನಿನಲ್ಲಿ ಬಹು ಮುಖ್ಯವಾದ ಒಂದು ಭಾಗವುಂಟು. ಅದಕ್ಕೆ ತೂಕವಿಲ್ಲ, ಬೆಲೆಪಟ್ಟಿಯಲ್ಲಿ ಅದರ ಹೆಸರಿಲ್ಲ, ಯಾವ ಅಂಗಡಿಯವನೂ ಅದನ್ನು ಪೊಟ್ಟಣ ಕಟ್ಟಿ ಕೊಡಲಾರನು. ತಿರುಗುವ ಕ್ರ್ಯಾಂಕ್ ಷಾಫ್ಟಿಗೂ ಅದನ್ನು ಹೊತ್ತುಕೊಂಡಿರುವ ಬೇರಿಂಗಿಗೂ ನಡುವೆ ಉಳಿಸಿರುವ ತೆರಪೇ ಆ ಭಾಗ. ಬೇರಿಂಗಿನ ಒಳವ್ಯಾಸದಿಂದ ಷಾಫ್ಟಿನ ಹೊರವ್ಯಾಸವನ್ನು ಕಳೆದರೆ ಸಾಮಾನ್ಯವಾದ ಕಾರಿನಲ್ಲಿ ಉಳಿಯುವುದು 0.025ರಿಂದ 0.05 ಮಿಲಿಮೀಟರ್ ಮಾತ್ರ. ತಲೆಗೂದಲು ಕೂಡ ಬಹುಮಟ್ಟಿಗೆ ಇದಕ್ಕಿಂತ ದಪ್ಪವೇ. ಎಂಜಿನಿನ ಆಯುಸ್ಸು ಇಷ್ಟು ಕಿರಿದಾದ ಜಾಗದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಸವೆದ ಬೇರಿಂಗನ್ನು ತೆಗೆದು ಹೊಸದನ್ನು ಕೂಡಿಸುವ ಕೆಲಸವನ್ನು ನಮ್ಮಲ್ಲಿ ಅನೇಕರು ಒಂದು ವ್ಯಾಪಾರವೆಂದೇ ತಿಳಿದಿದ್ದಾರೆ. ಕಾರಿನ ಹೆಸರು ಹೇಳುವುದು, ಹೆಸರಾಂತ ಕಂಪೆನಿಯ ಮಾಲನ್ನು ಕೇಳುವುದು, ಹಣ ತೆತ್ತು ತರುವುದು, ಬೋಲ್ಟುಗಳನ್ನು ಬಿಗಿಯುವುದು—ಇಷ್ಟಾದರೆ ಕೆಲಸ ಮುಗಿಯಿತೆಂದು ಅವರ ಭಾವನೆ. ಈ ಭಾವನೆ ತಪ್ಪೆಂಬುದೇ ಪ್ರಸ್ತುತ ಲೇಖನದ ವಾದ. ಬೇರಿಂಗನ್ನು ಬದಲಾಯಿಸುವುದೆಂದರೆ ಕಳೆದುಹೋದ ತೆರಪನ್ನು ಮರಳಿ ನಿರ್ಮಿಸುವುದು. ಅಳೆಯದೆ ಅದನ್ನು ನಿರ್ಮಿಸುವುದು ಅಸಾಧ್ಯ. ಆದರೆ ಅಳತೆಯ ವಿದ್ಯೆಯನ್ನು ಕಲಿಸಬೇಕಾದ ನಮ್ಮ ಕಾಲೇಜುಗಳು ಅದನ್ನು ಅಂಕ ಗಳಿಸುವ ಉಪಾಯವನ್ನಾಗಿ ಮಾಡಿಕೊಂಡು, ಆ ವಿದ್ಯೆ ಬದುಕಿರುವ ಸ್ಥಳದತ್ತ ತಿರುಗಿ ನೋಡುತ್ತಿಲ್ಲ.

ಆ ಸ್ಥಳ ದೂರದಲ್ಲೇನೂ ಇಲ್ಲ. ಮಿಲಿಮೀಟರಿನ ಸಾವಿರದ ಒಂದಂಶಕ್ಕೆ ಮೈಕ್ರಾನ್ ಎಂದು ಹೆಸರು. ಬೆಂಗಳೂರು ನಗರವು ಮೈಕ್ರಾನಿನ ಲೆಕ್ಕವನ್ನು ಕಲಿತು ಎಷ್ಟೋ ದಶಕಗಳಾಗಿವೆ. 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಜಾಲಹಳ್ಳಿಯಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿತು. ಆಡುಗೋಡಿಯ ಮೈಕೋ, ಎಂದರೆ ಇಂದಿನ ಬಾಷ್ ಸಂಸ್ಥೆ, ಡೀಸೆಲ್ ಪಂಪುಗಳನ್ನು ತಯಾರಿಸುವಾಗ ಪ್ಲಂಜರಿಗೂ ಅದರ ಕೊಳವೆಗೂ ನಡುವೆ ಕೆಲವೇ ಮೈಕ್ರಾನುಗಳ ತೆರಪನ್ನು ಕಾಯ್ದುಕೊಂಡಿತು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಕೇಂದ್ರ ಯಂತ್ರೋಪಕರಣ ಸಂಸ್ಥೆ, ಎಂದರೆ ಇಂದಿನ ಸಿ.ಎಂ.ಟಿ.ಐ., ತಲೆಯೆತ್ತಿತು. 1970ರ ದಶಕದಲ್ಲಿ ಅದರ ನೆರೆಯಲ್ಲಿಯೇ ಪೀಣ್ಯ ಕೈಗಾರಿಕಾ ಪ್ರದೇಶ ರೂಪುಗೊಂಡಿತು. ನಗರದ ಇನ್ನೊಂದು ಅಂಚಿನಲ್ಲಿ, ಬೊಮ್ಮಸಂದ್ರದಲ್ಲಿ ಎಸ್.ಕೆ.ಎಫ್. ಸಂಸ್ಥೆಯ ಬೇರಿಂಗ್ ಕಾರ್ಖಾನೆಯಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟಿಮ್ಕೆನ್ ಸಂಸ್ಥೆಯ ಕಚೇರಿಯಿದೆ. ಇಂಥ ಊರಿನಲ್ಲಿ ಓದುವ ಭೌತವಿಜ್ಞಾನದ ವಿದ್ಯಾರ್ಥಿ ಬೇರಿಂಗನ್ನು ಕಣ್ಣಾರೆ ಕಾಣದೆ ಪದವಿ ಪಡೆಯುವನೆಂದರೆ ಅದು ಶೋಚನೀಯವಾದ ಸಂಗತಿ.

ಬೇರಿಂಗುಗಳಲ್ಲಿ ಎರಡು ಮುಖ್ಯ ಜಾತಿಗಳುಂಟು. ಗುಂಡುಗಳೋ ಉರುಳೆಗಳೋ ಉರುಳುತ್ತ ಹೊರೆಯನ್ನು ಹೊರುವುದು ಒಂದು ಜಾತಿ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳ ಕ್ರ್ಯಾಂಕಿಗೆ ಇಂಥ ಬೇರಿಂಗುಗಳೇ ಇದ್ದವು. ಆ ಎಂಜಿನುಗಳಲ್ಲಿ ಪೆಟ್ರೋಲಿನೊಡನೆ ಬೆರೆತು ಬರುವ ಸ್ವಲ್ಪ ಎಣ್ಣೆಯೇ ಆಧಾರವಾದುದರಿಂದ ಉರುಳುವ ಬೇರಿಂಗು ಅಲ್ಲಿ ಯೋಗ್ಯವಾಗಿತ್ತು. ಕಾರಿನ ಎಂಜಿನಿನಲ್ಲಿ ಇರುವುದು ಬಹುಪಾಲು ಎರಡನೆಯ ಜಾತಿ. ಇಲ್ಲಿ ಉರುಳುವ ವಸ್ತುವೇ ಇಲ್ಲ. ಉಕ್ಕಿನ ಬೆನ್ನಿಗೆ ಮೃದುಲೋಹವನ್ನು ಲೇಪಿಸಿದ ಎರಡು ಅರ್ಧವೃತ್ತಾಕಾರದ ತಗಡುಗಳು ಷಾಫ್ಟನ್ನು ತಬ್ಬಿಕೊಂಡಿರುತ್ತವೆ. ಇವುಗಳಿಗೆ ಗ್ಯಾರೇಜಿನಲ್ಲಿ ‘ಷೆಲ್’ ಎಂದು ಹೆಸರು. ಇವು ತಬ್ಬಿಕೊಳ್ಳುವ ಷಾಫ್ಟಿನ ನುಣುಪಾದ ಭಾಗವೇ ‘ಜರ್ನಲ್’. ಪಂಪು ಒದಗಿಸುವ ಎಣ್ಣೆ ಇವೆರಡರ ನಡುವೆ ತುಂಬಿಕೊಂಡು ಲೋಹವು ಲೋಹವನ್ನು ತಾಗದಂತೆ ಕಾಯುತ್ತದೆ.

ಬರಿಯ ಎಣ್ಣೆ ಅಷ್ಟು ದೊಡ್ಡ ಹೊರೆಯನ್ನು ಹೇಗೆ ಹೊರುವುದೆಂದು ವಾಚಕರು ಕೇಳಬಹುದು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ನಮ್ಮ ರೈತರಿಗೆ ಬಹುಕಾಲದಿಂದ ತಿಳಿದ ವಿದ್ಯೆಯೇ; ಆದರೆ ಅದರ ಕಾರಣ ತಿಳಿದುಬಂದುದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲುಗಾಡಿಯ ಬೇರಿಂಗನ್ನು ಹೋಲುವ ಒಂದು ಬೇರಿಂಗಿನ ಮೇಲೆ ಪ್ರಯೋಗ ನಡೆಸಿ 1883ರಲ್ಲಿ ವರದಿ ಮಾಡಿದನು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ರಂಧ್ರವೊಂದನ್ನು ಕೊರೆದಾಗ, ಎಣ್ಣೆ ಒಳಗೆ ಹೋಗುವುದಕ್ಕೆ ಬದಲಾಗಿ ಹೊರಕ್ಕೆ ಉಕ್ಕಿತು. ಬಿರಟೆಯಿಂದ ರಂಧ್ರವನ್ನು ಮುಚ್ಚಿದರೆ ಬಿರಟೆಯೇ ಹೊರಬಂದಿತು. ಒತ್ತಡಮಾಪಕವನ್ನು ಜೋಡಿಸಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡುಗಳನ್ನು ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಹೊರೆಯಾದರೋ ಸುಮಾರು 100 ಪೌಂಡು ಮಾತ್ರ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸನು ಇದರ ಗಣಿತವನ್ನು ಬಿಡಿಸಿಟ್ಟನು. ತಿರುಗುವ ಷಾಫ್ಟು ತನ್ನ ಮೈಗೆ ಅಂಟಿದ ಎಣ್ಣೆಯನ್ನು ಎಳೆದುಕೊಂಡು ಹೋಗಿ, ಕ್ರಮೇಣ ಕಿರಿದಾಗುವ ಸಂದಿನೊಳಕ್ಕೆ ತುರುಕುತ್ತದೆ. ಹಾಗೆ ಇಕ್ಕಟ್ಟಿಗೆ ಸಿಕ್ಕ ಎಣ್ಣೆಯಲ್ಲಿ ಒತ್ತಡ ಏರಿ ಷಾಫ್ಟನ್ನೇ ಎತ್ತಿ ಹಿಡಿಯುತ್ತದೆ. ಷಾಫ್ಟು ತನ್ನ ಆಧಾರವನ್ನು ತಾನೇ ತಿರುಗಿ ಸೃಷ್ಟಿಸಿಕೊಳ್ಳುವ ಈ ಏರ್ಪಾಡು ಭೌತವಿಜ್ಞಾನದ ಸುಂದರವಾದ ಸಂಗತಿಗಳಲ್ಲಿ ಒಂದು.

ಇನ್ನು ತೆರಪಿನ ಲೆಕ್ಕಕ್ಕೆ ಬರೋಣ. ‘ಬಿಗಿಯಾಗಿದ್ದಷ್ಟೂ ಒಳ್ಳೆಯದು’ ಎಂಬುದು ಬಹು ಹಳೆಯ ನಂಬಿಕೆ. ಅದನ್ನು ಪರೀಕ್ಷಿಸಲು ಪದವಿ ತರಗತಿಯ ಗಣಿತವೇ ಸಾಕು. 48 ಮಿಲಿಮೀಟರ್ ವ್ಯಾಸ, 20 ಮಿಲಿಮೀಟರ್ ಅಗಲವುಳ್ಳ ಒಂದು ಜರ್ನಲ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿರಲಿ. ಅದರ ಮೇಲ್ಮೈಯ ವೇಗ ಸೆಕೆಂಡಿಗೆ ಸುಮಾರು 15 ಮೀಟರ್, ಎಂದರೆ ಗಂಟೆಗೆ 54 ಕಿಲೋಮೀಟರ್. ಸುತ್ತಲೂ 0.025 ಮಿಲಿಮೀಟರ್ ದಪ್ಪದ ಎಣ್ಣೆಯಿದ್ದು, ಬಿಸಿಯಾದ ಆ ಎಣ್ಣೆಯ ಸ್ನಿಗ್ಧತೆ ನೀರಿನದರ ಹತ್ತರಷ್ಟು ಇದೆಯೆಂದು ಭಾವಿಸಿದರೆ, ಆ ಒಂದೇ ಬೇರಿಂಗಿನಲ್ಲಿ ಘರ್ಷಣೆಯಿಂದ ಹುಟ್ಟುವ ಉಷ್ಣ ಸುಮಾರು 270 ವಾಟ್. ತೆರಪನ್ನು ಅರ್ಧಕ್ಕೆ ಇಳಿಸಿದರೆ ಉಷ್ಣ ಇಮ್ಮಡಿಯಾಗಿ 540 ವಾಟಿಗೆ ಏರುವುದು. ಅದೇ ಸಮಯದಲ್ಲಿ ಪಂಪಿನ ಒತ್ತಡದಿಂದ ಬೇರಿಂಗಿನ ಮೂಲಕ ಹರಿದು ಉಷ್ಣವನ್ನು ಹೊತ್ತೊಯ್ಯುವ ಎಣ್ಣೆಯ ಪ್ರಮಾಣ ತೆರಪಿನ ಘನವನ್ನು ಅನುಸರಿಸುವುದರಿಂದ ಅದು ಎಂಟನೆಯ ಒಂದಂಶಕ್ಕೆ ಇಳಿಯುವುದು. ಬೆಂಕಿ ಎರಡರಷ್ಟು, ನೀರು ಎಂಟರಲ್ಲೊಂದು ಪಾಲು! ಎಣ್ಣೆ ಕಾದು ನೀರಾಗಿ, ಪೊರೆ ಹರಿದು, ಲೋಹ ಲೋಹಕ್ಕೆ ತಾಗಿ ಎಂಜಿನ್ ಹಿಡಿದುಕೊಳ್ಳುವುದಕ್ಕೆ ಇನ್ನೇನು ಬೇಕು?

ಹಾಗಾದರೆ ಸಡಿಲವಾಗಿರಲಿ ಎಂದರೆ ಅದೂ ಸಲ್ಲದು. ತೆರಪು ಇಮ್ಮಡಿಯಾದರೆ ಎಣ್ಣೆ ಎಂಟುಪಟ್ಟು ಸುರಿದುಹೋಗುವುದು. ಪಂಪು ಒದಗಿಸಲಾರದೆ ಒತ್ತಡ ಕುಸಿಯುವುದು. ದೂರದ ಬೇರಿಂಗುಗಳಿಗೆ ಎಣ್ಣೆ ಮುಟ್ಟದು. ಉಳಿದ ಸಂಗತಿಗಳು ಒಂದೇ ಆಗಿದ್ದರೆ, ಎಣ್ಣೆಯ ಪೊರೆ ಹೊರೆಯನ್ನು ಹೊರುವ ಶಕ್ತಿ ಸ್ಥೂಲವಾಗಿ ತೆರಪಿನ ವರ್ಗಕ್ಕೆ ವಿಲೋಮವಾಗಿ ತಗ್ಗುವುದರಿಂದ ಅದು ಕಾಲುಭಾಗಕ್ಕೆ ಇಳಿಯುವುದು. ಆದುದರಿಂದ ಸರಿಯಾದ ತೆರಪೆಂಬುದು ಎರಡು ಅಪಾಯಗಳ ನಡುವಣ ಕಿರುದಾರಿ. ವ್ಯಾಸದ ಸಾವಿರದ ಒಂದಂಶವೆಂಬುದು ಹಳೆಯ ಸ್ಥೂಲ ನಿಯಮ. ನಿಖರವಾದ ಮಿತಿಗಳನ್ನು ಎಂಜಿನಿನ ಕೈಪಿಡಿಯಿಂದಲೇ ತಿಳಿಯಬೇಕು.

ಕ್ರೀಡಾಕಾರಿನ ಎಂಜಿನಿನಲ್ಲಿ ಈ ದಾರಿ ಇನ್ನಷ್ಟು ಕಿರಿದು. ಪಿಸ್ಟನ್ ಮತ್ತು ಅದರೊಡನೆ ಮೇಲೆ ಕೆಳಗೆ ಓಡಾಡುವ ಭಾಗಗಳ ತೂಕ ಅರ್ಧ ಕಿಲೋಗ್ರಾಂ, ಓಟದ ಉದ್ದ 80 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 6,000 ಸುತ್ತಿನಲ್ಲಿ ಪಿಸ್ಟನ್ ತುದಿ ಮುಟ್ಟಿ ಹಿಂದಿರುಗುವಾಗ ಕನೆಕ್ಟಿಂಗ್ ರಾಡನ್ನು ಸುಮಾರು 10,000 ನ್ಯೂಟನ್ ಬಲದಿಂದ ಜಗ್ಗುತ್ತದೆ. ಅದು ಒಂದು ಟನ್ ತೂಕಕ್ಕೆ ಸಮ. 3,000 ಸುತ್ತಿನಲ್ಲಿ ಅದೇ ಬಲ 2,500 ನ್ಯೂಟನ್ ಮಾತ್ರ. ಏಕೆಂದರೆ ಬಲವು ವೇಗದ ವರ್ಗವನ್ನು ಅನುಸರಿಸುತ್ತದೆ. ಸೌಮ್ಯವಾಗಿ ಓಡಿಸುವ ಕಾರಿನಲ್ಲಿ ಕ್ಷಮೆಗೆ ಪಾತ್ರವಾಗುವ ತಪ್ಪು ಕ್ರೀಡಾಕಾರಿನಲ್ಲಿ ಕ್ಷಮೆಗೆ ಪಾತ್ರವಾಗದು. ಬೇರಿಂಗ್ ಕೈಕೊಟ್ಟು ಕನೆಕ್ಟಿಂಗ್ ರಾಡ್ ಮುರಿದರೆ ಅದು ಬ್ಲಾಕನ್ನೇ ತೂತು ಮಾಡಿಕೊಂಡು ಹೊರಬರುವುದುಂಟು. ಆಗ ನಷ್ಟವಾಗುವುದು ಹಣ ಮಾತ್ರವಲ್ಲ. ಎಣ್ಣೆ ಚೆಲ್ಲಿದ ರಸ್ತೆಯಲ್ಲಿ, ಹಿಡಿದುಕೊಂಡ ಚಕ್ರಗಳ ಮೇಲೆ ಕುಳಿತವನ ಪ್ರಾಣಕ್ಕೂ ಅಪಾಯವುಂಟು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಂದ್ಯದ ಎಂಜಿನುಗಳಿಗೆ ತೆರಪನ್ನು ಸ್ವಲ್ಪ ಹೆಚ್ಚಾಗಿ ಬಿಟ್ಟು, ಗಟ್ಟಿಯಾದ ಎಣ್ಣೆಯನ್ನೂ ಹೆಚ್ಚು ಎಣ್ಣೆ ಒದಗಿಸುವ ಪಂಪನ್ನೂ ಬಳಸುವ ರೂಢಿಯಿದೆ. ಇದನ್ನು ಕೇಳಿ ತಿಳಿದ ತರುಣರು ತಮ್ಮ ಕಾರಿಗೂ ಅದೇ ತೆರಪು ಬೇಕೆನ್ನುವರು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಪಥದಲ್ಲಿಯೋ ಕೊಯಮತ್ತೂರಿನ ಬಳಿಯ ಕರಿ ಪಥದಲ್ಲಿಯೋ ದಿನವಿಡೀ ವೇಗವಾಗಿ ಓಡುವ ಕಾರಿಗೆ ಅದು ಸರಿಹೋಗಬಹುದು. ಬೆಂಗಳೂರಿನ ಕ್ರೀಡಾಕಾರಿನ ಬಾಳು ಬಹುಪಾಲು ಕಳೆಯುವುದು ಸಿಲ್ಕ್ ಬೋರ್ಡಿನ ಅಡ್ಡರಸ್ತೆಯಲ್ಲಿ ಅಥವಾ ತುಮಕೂರು ರಸ್ತೆಯ ದಟ್ಟಣೆಯಲ್ಲಿ. ಅಲ್ಲಿ ಎಂಜಿನ್ ಕಾದಿರುತ್ತದೆ, ಎಣ್ಣೆ ತೆಳುವಾಗಿರುತ್ತದೆ, ಷಾಫ್ಟಿನ ವೇಗ ಕಡಿಮೆಯಿರುವುದರಿಂದ ಪಂಪಿನ ಒತ್ತಡವೂ ಕಡಿಮೆ, ತಿರುಗಿ ಹುಟ್ಟಿಸಿಕೊಳ್ಳುವ ಪೊರೆಯೂ ಕ್ಷೀಣ. ಅಂಥಲ್ಲಿ ಹೆಚ್ಚಿನ ತೆರಪು ವರವಲ್ಲ, ಶಾಪ. ಕಾರು ಹೇಗಿದೆ ಎಂಬುದಕ್ಕಿಂತ ಅದು ಎಲ್ಲಿ, ಹೇಗೆ ಓಡುವುದೆಂಬುದನ್ನು ತಿಳಿದು ಬೇರಿಂಗನ್ನು ಆರಿಸಬೇಕು.

ಆಯ್ಕೆಯಲ್ಲಿ ಮೊದಲನೆಯ ಪ್ರಶ್ನೆ, ಎಂಜಿನ್ ಯಾವುದೆಂಬುದು. ಬೇರಿಂಗಿಗೆ ಕಾರಿನ ಹೊರರೂಪ ಗೊತ್ತಿಲ್ಲ. ಗೋವೆಯಲ್ಲಿ ತಯಾರಾದ, ಈಗ ತಯಾರಿಕೆ ನಿಂತುಹೋಗಿರುವ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನಗಳ ತೆರೆದ ಕ್ರೀಡಾಕಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿದ್ದುದು ರೆನೋ ಕಂಪೆನಿಯ 1,149 ಘನ ಸೆಂಟಿಮೀಟರಿನ ಎಂಜಿನ್. ಅದೇ ಕುಲದ ಎಂಜಿನ್ ಯೂರೋಪಿನ ಟ್ವಿಂಗೊ, ಕ್ಲಿಯೊ ಎಂಬ ಸಾಧಾರಣ ಕಾರುಗಳಲ್ಲಿಯೂ ಇತ್ತು. ಕಾರಿನ ಹೆಸರನ್ನು ಹಿಡಿದು ಹುಡುಕುವವನು ಬರಿಗೈಯಲ್ಲಿ ಹಿಂದಿರುಗುವನು. ಎಂಜಿನಿನ ಗುರುತನ್ನು ಹಿಡಿದು ಹುಡುಕುವವನಿಗೆ ದಾರಿ ತೋರುವುದು.

ಎರಡನೆಯದು ಲೋಹ. 1839ರಲ್ಲಿ ಐಸಾಕ್ ಬ್ಯಾಬಿಟ್ ಎಂಬ ಅಮೆರಿಕನನು ಪ್ರಚಾರಕ್ಕೆ ತಂದ ತವರದ ಮಿಶ್ರಲೋಹ ಬಹುಕಾಲ ಆಳಿತು. ಅದು ಬಹು ಮೃದು. ಎಣ್ಣೆಯೊಡನೆ ಬಂದ ಧೂಳಿನ ಕಣವನ್ನು ತನ್ನೊಳಗೆ ಹೂತುಕೊಂಡು ಷಾಫ್ಟಿಗೆ ಗೀರು ಬೀಳದಂತೆ ಕಾಯುವುದು. ಆದರೆ ದೊಡ್ಡ ಹೊರೆಯನ್ನು ಮತ್ತೆ ಮತ್ತೆ ಹೊತ್ತರೆ ಬಿರುಕು ಬಿಡುವುದು. ಗಟ್ಟಿಲೋಹವಾದರೆ ಹೊರೆ ಹೊರುವುದು, ಧೂಳನ್ನು ಸಹಿಸದು. ಈ ವಿರೋಧವನ್ನು ಬಗೆಹರಿಸಲು ಮೂರು ಪದರಗಳ ಷೆಲ್ ಬಂದಿತು. ಬೆನ್ನಿಗೆ ಉಕ್ಕು, ಅದರ ಮೇಲೆ ತಾಮ್ರ-ಸೀಸದ ಪದರ, ಎಲ್ಲಕ್ಕೂ ಮೇಲೆ ಸುಮಾರು 20 ಮೈಕ್ರಾನ್ ದಪ್ಪದ ಮೃದುವಾದ ಲೇಪ. ಹೆಚ್ಚು ವೇಗದ ಎಂಜಿನುಗಳಿಗೆ ಇದು ಒಪ್ಪುವುದು. ಅನೇಕ ಸಾಧಾರಣ ಕಾರುಗಳಲ್ಲಿ ಅಲ್ಯುಮಿನಿಯಂ-ತವರದ ಷೆಲ್ಲುಗಳಿವೆ. 2000ದಲ್ಲಿ ಐರೋಪ್ಯ ಒಕ್ಕೂಟವು ವಾಹನಗಳಲ್ಲಿ ಸೀಸವನ್ನು ಕಡಿಮೆ ಮಾಡುವ ಕಟ್ಟಳೆ ತಂದಮೇಲೆ ಸೀಸವಿಲ್ಲದ ಲೋಹಗಳು ಹೆಚ್ಚಾಗಿವೆ. ಇವುಗಳಲ್ಲಿ ಕೆಲವು ಗಡುಸಾಗಿರುವುದರಿಂದ ಷಾಫ್ಟಿನ ಮೈ ಇನ್ನಷ್ಟು ನುಣುಪಾಗಿರಬೇಕು, ಎಣ್ಣೆ ಇನ್ನಷ್ಟು ಶುದ್ಧವಾಗಿರಬೇಕು. ದುಬಾರಿಯಾದುದೇ ಉತ್ತಮವೆಂಬ ಮಾತು ಇಲ್ಲಿ ನಿಲ್ಲದು; ಧೂಳು ಗೀಳಿನ ನಡುವೆ ಓಡುವ ಎಂಜಿನಿಗೆ ಪಂದ್ಯದ ಗಡುಸು ಷೆಲ್ ಹಾಕುವುದು ಅವಿವೇಕ.

ಮೂರನೆಯದು ಗಾತ್ರ. ಸವೆದ ಜರ್ನಲ್ ಸಣ್ಣದಾಗುವುದು ಮಾತ್ರವಲ್ಲ, ಅಂಡಾಕಾರವೂ ಆಗುವುದು. ಒಂದು ತುದಿಯಿಂದ ಇನ್ನೊಂದಕ್ಕೆ ಓರೆಯೂ ಆಗುವುದು. ಗುಂಡನೆಯ ಷೆಲ್ಲಿನಲ್ಲಿ ಅಂಡಾಕಾರದ ಷಾಫ್ಟ್ ತಿರುಗಿದರೆ ತೆರಪೆಂಬುದು ಒಂದೇ ಆಗಿರದೆ ಜಾಗಕ್ಕೊಂದಾಗುವುದು. ಆದುದರಿಂದ ಸವೆತ ಮಿತಿ ಮೀರಿದ್ದರೆ ಷಾಫ್ಟನ್ನು ಸಾಣೆ ಹಿಡಿಸಿ ಚಿಕ್ಕದು ಮಾಡಿ, ಅದಕ್ಕೆ ತಕ್ಕ ದಪ್ಪ ಷೆಲ್ ಹಾಕುವರು. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ‘ಅಂಡರ್ ಸೈಜ್’ ಎಂದು ಹೆಸರು. 48.00 ಮಿಲಿಮೀಟರಿನ ಜರ್ನಲನ್ನು 47.75ಕ್ಕೆ ಇಳಿಸಿದರೆ 0.25ರ ಷೆಲ್ ಬೇಕು; ಅದರ ಪ್ರತಿಯೊಂದು ಅರ್ಧವೂ 0.125 ಮಿಲಿಮೀಟರ್ ಹೆಚ್ಚು ದಪ್ಪ. ಆದರೆ ಎಲ್ಲ ಷಾಫ್ಟುಗಳೂ ಸಾಣೆಗೆ ತಕ್ಕವಲ್ಲ. ಕೆಲವು ಎಂಜಿನುಗಳ ಷಾಫ್ಟಿನ ಮೈಯನ್ನು ಸಾರಜನಕದ ಸಂಸ್ಕಾರದಿಂದ ಗಡುಸು ಮಾಡಿರುವರು. ಆ ಗಡುಸು ಪದರ ಬಹು ತೆಳು. ಸಾಣೆಯಲ್ಲಿ ಅದು ಹೋದರೆ ಮತ್ತೆ ಸಂಸ್ಕಾರ ಕೊಡಿಸಬೇಕು, ಇಲ್ಲವೆ ಹೊಸ ಷಾಫ್ಟ್ ತರಬೇಕು. ಇದನ್ನು ವಿಚಾರಿಸದೆ ಸಾಣೆಗೆ ಕೊಡುವುದು ಮದ್ದಿನ ಹೆಸರು ಓದದೆ ಕುಡಿದಂತೆ.

ಷಾಫ್ಟ್ ಸವೆಯದೆ ಇದ್ದರೂ ಗಾತ್ರದ ಪ್ರಶ್ನೆ ತೀರದು. ಮಾರುತಿ ಕಾರಿನ ಹಲವು ಎಂಜಿನುಗಳಲ್ಲಿ ಕ್ರ್ಯಾಂಕಿನ ಮೇಲೆ 1, 2, 3 ಎಂದೂ ಬ್ಲಾಕಿನ ಮೇಲೆ ಎ, ಬಿ, ಸಿ ಎಂದೂ ಕೊರೆದಿರುವ ಗುರುತುಗಳುಂಟು. ಅವೆರಡನ್ನೂ ಕೂಡಿಸಿ ನೋಡಿದರೆ ಐದು ಬಗೆಯ ಮೇನ್ ಬೇರಿಂಗ್ ಷೆಲ್ಲುಗಳಲ್ಲಿ ಯಾವುದು ಬೇಕೆಂದು ಕೈಪಿಡಿಯ ಕೋಷ್ಟಕ ಹೇಳುವುದು. ಷೆಲ್ಲಿನ ಅಂಚಿನ ಬಣ್ಣದಿಂದ ಬಗೆ ಗೊತ್ತಾಗುವುದು. ಬಣ್ಣಕ್ಕೂ ಬಣ್ಣಕ್ಕೂ ಕೆಲವೇ ಮೈಕ್ರಾನುಗಳ ಅಂತರ. ಷಾಫ್ಟನ್ನು ಒಮ್ಮೆ ಸಾಣೆ ಹಿಡಿಸಿದ ಬಳಿಕ ಹಳೆಯ ಗುರುತಿಗೆ ಅರ್ಥವಿಲ್ಲ. ಆಮೇಲೆ ನಂಬಬೇಕಾದುದು ಮೈಕ್ರೋಮೀಟರನ್ನು ಮಾತ್ರ. ಪೆಟ್ಟಿಗೆಯ ಮೇಲಿನ ಅಂಕಿ ಷೆಲ್ಲಿನ ವಿಷಯವನ್ನು ಹೇಳುವುದೇ ಹೊರತು ಷಾಫ್ಟಿನ ವಿಷಯವನ್ನಲ್ಲ.

ಅಳೆಯುವುದರಲ್ಲಿಯೂ ಕ್ರಮವುಂಟು. ಪ್ರತಿಯೊಂದು ಜರ್ನಲನ್ನೂ ಎರಡು ತುದಿಗಳಲ್ಲಿ, ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳಲ್ಲಿ ಅಳೆಯಬೇಕು. ಷೆಲ್ಲುಗಳನ್ನು ಅವುಗಳ ಮನೆಯಲ್ಲಿಟ್ಟು ಬೋಲ್ಟನ್ನು ನಿಗದಿಯಾದಷ್ಟು ಬಿಗಿದ ಮೇಲೆಯೇ ಒಳವ್ಯಾಸವನ್ನು ಅಳೆಯಬೇಕು. ಬಿಡಿ ಷೆಲ್ಲನ್ನು ಅಳೆದು ಪ್ರಯೋಜನವಿಲ್ಲ. ಕೊನೆಯಲ್ಲಿ ಪ್ಲಾಸ್ಟಿಗೇಜ್ ಎಂಬ ಮೇಣದಂಥ ದಾರವನ್ನು ಜರ್ನಲಿನ ಮೇಲಿಟ್ಟು ಬಿಗಿದು ಬಿಚ್ಚಿದರೆ, ದಾರ ಎಷ್ಟು ಅಗಲವಾಗಿ ಚಪ್ಪಟೆಯಾಯಿತೆಂಬುದರಿಂದ ತೆರಪು ಮತ್ತೊಮ್ಮೆ ತಿಳಿಯುವುದು. ಉಷ್ಣತೆಯನ್ನೂ ಮರೆಯಬಾರದು. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದ ಹನ್ನೊಂದೂವರೆ ಅಂಶದಷ್ಟು ಹಿಗ್ಗುವುದು. 48 ಮಿಲಿಮೀಟರಿನ ಜರ್ನಲ್ ಮೈಕ್ರೋಮೀಟರಿಗಿಂತ 10 ಡಿಗ್ರಿ ಬಿಸಿಯಾಗಿದ್ದರೆ ಅಳತೆಯಲ್ಲಿ ಐದೂವರೆ ಮೈಕ್ರಾನ್ ತಪ್ಪು ನುಸುಳುವುದು. ಅಳತೆಯ ಪ್ರಯೋಗಾಲಯಗಳನ್ನು 20 ಡಿಗ್ರಿ ಸೆಲ್ಸಿಯಸಿನಲ್ಲಿಡುವುದು ಇದಕ್ಕಾಗಿಯೇ. ಏಪ್ರಿಲ್ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಕೆಲಸ ಮಾಡುವ ಪೀಣ್ಯದ ಕುಶಲಿಗೆ ಆ ಸೌಕರ್ಯವಿಲ್ಲ. ಆದರೂ ಷಾಫ್ಟನ್ನೂ ಮೈಕ್ರೋಮೀಟರನ್ನೂ ಒಂದೇ ಮೇಜಿನ ಮೇಲೆ ಕೆಲವು ಗಂಟೆ ಒಟ್ಟಿಗೆ ಇಟ್ಟರೆ ಎರಡೂ ಒಂದೇ ಉಷ್ಣತೆಗೆ ಬರುವುವು; ಎರಡೂ ಉಕ್ಕೇ ಆದುದರಿಂದ ದೋಷ ಬಹುಮಟ್ಟಿಗೆ ಕಳೆದುಹೋಗುವುದು. ವೆಚ್ಚವಿಲ್ಲದ ಈ ಉಪಾಯಕ್ಕೆ ಬೇಕಾದುದು ತಾಳ್ಮೆ, ಮತ್ತು ಕಾರಣ ತಿಳಿದ ಒಂದು ಮನಸ್ಸು.

ಇನ್ನು ಕೂಡಿಸುವ ಕೆಲಸ. ಇಲ್ಲಿ ಶುಚಿತ್ವವೇ ಮೊದಲ ನಿಯಮ. 25 ಮೈಕ್ರಾನಿನ ಜಾಗದಲ್ಲಿ 30 ಮೈಕ್ರಾನಿನ ಒಂದು ಮರಳಿನ ಕಣ ಪರ್ವತವೇ ಸರಿ. ಸಾಣೆ ಹಿಡಿಸಿದ ಷಾಫ್ಟಿನ ಎಣ್ಣೆಯ ರಂಧ್ರಗಳಲ್ಲಿ ಸಾಣೆಪುಡಿ ಉಳಿದಿರುವುದುಂಟು. ಅದನ್ನು ಸಂಪೂರ್ಣವಾಗಿ ತೊಳೆದು ತೆಗೆಯಬೇಕು. ಷೆಲ್ಲಿನ ಬೆನ್ನು ಒಣಗಿರಬೇಕು, ಮುಖಕ್ಕೆ ಎಣ್ಣೆ ಸವರಿರಬೇಕು, ಷೆಲ್ಲಿನ ರಂಧ್ರ ಬ್ಲಾಕಿನ ರಂಧ್ರಕ್ಕೆ ಸರಿಯಾಗಿ ಕೂಡಬೇಕು. ಒಂದು ಬೇರಿಂಗಿನ ಮುಚ್ಚಳವನ್ನು ಇನ್ನೊಂದಕ್ಕೆ ಹಾಕಬಾರದು, ತಿರುಗುಮುರುಗು ಮಾಡಬಾರದು.

ಷೆಲ್ಲನ್ನು ಅದರ ಅರ್ಧಮನೆಯಲ್ಲಿ ಇಟ್ಟಾಗ ಅಂಚು ತುಸುವೇ ಮೇಲೆ ಚಾಚಿಕೊಂಡಿರುವುದು. ಇದು ತಯಾರಕನ ತಪ್ಪಲ್ಲ, ಉದ್ದೇಶ. ಮುಚ್ಚಳವನ್ನು ಬಿಗಿದಾಗ ಎರಡು ಅರ್ಧಗಳೂ ಒಂದನ್ನೊಂದು ಒತ್ತಿ, ಹೊರಗಿನ ಮನೆಯನ್ನು ಬಲವಾಗಿ ಹಿಡಿದುಕೊಳ್ಳುವುವು. ಷೆಲ್ ಜಾರದಿರುವುದೂ, ಬೆನ್ನಿನ ಮೂಲಕ ಉಷ್ಣ ಹೊರಹೋಗುವುದೂ ಈ ಹಿಡಿತದಿಂದಲೇ. ಇದನ್ನರಿಯದೆ ಅಂಚನ್ನು ಅರದಿಂದ ಉಜ್ಜಿ ಸಮ ಮಾಡುವುದು, ಸಡಿಲವಾದ ಷೆಲ್ಲಿನ ಬೆನ್ನಿಗೆ ತೆಳುಹಾಳೆ ಇಡುವುದು—ಇವೆರಡೂ ಎಂಜಿನಿಗೆ ಮೃತ್ಯು. ಬೋಲ್ಟನ್ನು ತೋಳಿನ ಅಂದಾಜಿನಿಂದಲ್ಲ, ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಪ್ರತಿಯೊಂದು ಮುಚ್ಚಳ ಬಿಗಿದಮೇಲೂ ಷಾಫ್ಟ್ ಕೈಯಿಂದ ಸರಾಗವಾಗಿ ತಿರುಗುವುದೇ ಎಂದು ನೋಡಬೇಕು. ಕಡೆಗೆ, ಎಂಜಿನನ್ನು ಚಾಲೂ ಮಾಡುವ ಮೊದಲೇ ಕೊಳವೆಗಳಲ್ಲಿ ಎಣ್ಣೆ ತುಂಬಿ ಒತ್ತಡ ಬರುವಂತೆ ಮಾಡಬೇಕು. ತಿರುಗದ ಷಾಫ್ಟಿಗೆ ಪೊರೆಯಿಲ್ಲ. ಮೊದಲ ಕೆಲವು ಸುತ್ತುಗಳಲ್ಲಿ ಹೊಸ ಷೆಲ್ ಒಣಗಿದ್ದರೆ ಅದರ ತೆಳುಲೇಪ ಅಲ್ಲಿಯೇ ಹರಿದುಹೋಗಬಹುದು.

ತೆಗೆದುಹಾಕಿದ ಹಳೆಯ ಷೆಲ್ಲನ್ನು ಗುಜರಿಗೆ ಎಸೆಯುವ ಮುನ್ನ ಓದಬೇಕು. ಅದೊಂದು ಸಾಕ್ಷಿ. ಸುತ್ತಲೂ ಉದ್ದವಾದ ಗೀರುಗಳಿದ್ದರೆ ಎಣ್ಣೆಯಲ್ಲಿ ಕೊಳೆಯಿತ್ತು. ಮೈಯೆಲ್ಲ ಕಪ್ಪಾಗಿ ಲೇಪ ಒರಸಿಹೋಗಿದ್ದರೆ ಎಣ್ಣೆ ಸಾಲದೆ ಹೋಯಿತು. ಒಂದೇ ಅಂಚು ಸವೆದಿದ್ದರೆ ಜರ್ನಲ್ ಓರೆ, ಇಲ್ಲವೆ ಕನೆಕ್ಟಿಂಗ್ ರಾಡ್ ಬಾಗಿದೆ. ಬೆನ್ನಿನಲ್ಲಿ ಹೊಳೆಯುವ ಉಜ್ಜಿದ ಗುರುತಿದ್ದರೆ ಹಿಡಿತ ಸಡಿಲವಿತ್ತು. ಕಾರಣವನ್ನು ಉಳಿಸಿ ಷೆಲ್ಲನ್ನು ಮಾತ್ರ ಬದಲಾಯಿಸಿದರೆ ಹೊಸದಕ್ಕೂ ಅದೇ ಗತಿ.

ಇಷ್ಟೆಲ್ಲ ಮಾಡಲು ಸಮಯವೆಲ್ಲಿ, ಹಣ ಕೊಡುವವರಾರು ಎಂಬ ಆಕ್ಷೇಪಣೆ ಬರುವುದು ಸಹಜ. ಅಳತೆಗೆ ಬೇಕಾಗುವುದು ಒಂದು ದಿನದ ಕೆಲಸ. ಅಳೆಯದೆ ಕೂಡಿಸಿದ ಎಂಜಿನ್ ಹಿಡಿದುಕೊಂಡರೆ ಹೋಗುವುದು ಷಾಫ್ಟು, ರಾಡುಗಳು, ಕೆಲವೊಮ್ಮೆ ಬ್ಲಾಕು. ಆಗ ಒಡೆಯನು ಅಂಗಡಿಯವನನ್ನೂ, ಅಂಗಡಿಯವನು ಗ್ಯಾರೇಜನ್ನೂ ದೂರುವನು. ಕೊನೆಗೆ ದೂರು ಬಂದು ನಿಲ್ಲುವುದು ಬೋಲ್ಟು ಬಿಗಿದ ಹುಡುಗನ ತಲೆಯ ಮೇಲೆ. ಅಳತೆಗಳನ್ನು ಬರೆದಿಟ್ಟಿದ್ದರೆ ತಪ್ಪು ಎಲ್ಲಿಯದೆಂದು ಕಾಗದವೇ ಹೇಳುವುದು. ಎಂಜಿನ್ ಬಿಚ್ಚಿ ಕೂಡಿಸುವ ಪ್ರತಿಯೊಂದು ಗ್ಯಾರೇಜೂ ಜರ್ನಲುಗಳ ವ್ಯಾಸ, ತೆರಪು, ಬೋಲ್ಟು ಬಿಗಿದ ಪ್ರಮಾಣ ಇವುಗಳನ್ನು ಬರೆದ ಒಂದು ಹಾಳೆಯನ್ನು ಒಡೆಯನಿಗೆ ಕೊಡಬೇಕು. ಒಡೆಯನೂ ಅದನ್ನು ಕೇಳಿ ಪಡೆಯಬೇಕು. ರಕ್ತಪರೀಕ್ಷೆಯ ವರದಿಯನ್ನು ಕೇಳಿ ಪಡೆಯುವ ನಾವು ಎಂಜಿನಿನ ವರದಿಯನ್ನು ಕೇಳದಿರುವುದೇಕೆ? ಅಂಥ ಹಾಳೆ ಒಡೆಯನ ಹಣವನ್ನು ಕಾಯುವಂತೆಯೇ ಕೆಲಸಗಾರನ ಮಾನವನ್ನೂ ಕಾಯುವುದು.

ವಿದ್ಯುತ್ ವಾಹನಗಳು ಬರುತ್ತಿರುವಾಗ ಕ್ರ್ಯಾಂಕ್ ಷಾಫ್ಟಿನ ಮಾತೇಕೆಂದು ಇನ್ನೊಂದು ಆಕ್ಷೇಪಣೆ. ಏಥರ್ ಸಂಸ್ಥೆ ತನ್ನ ಮೊದಲ ವಿದ್ಯುತ್ ಸ್ಕೂಟರುಗಳನ್ನು ವೈಟ್‌ಫೀಲ್ಡಿನಲ್ಲಿಯೇ ಜೋಡಿಸಿ ಬಳಿಕ ಹೊಸೂರಿಗೆ ತೆರಳಿತು. ಕಾಲ ಬದಲಾಗುತ್ತಿರುವುದು ನಿಜ. ಆದರೆ ವಿದ್ಯುತ್ ಮೋಟಾರಿಗೂ ಬೇರಿಂಗ್ ಬೇಕು. ಅದರ ಗುಂಡಿನ ಬೇರಿಂಗನ್ನು ಷಾಫ್ಟಿನ ಮೇಲೆ ಅತಿ ಬಿಗಿಯಾಗಿ ಏರಿಸಿದರೆ ಒಳಬಳೆ ಹಿಗ್ಗಿ ಗುಂಡುಗಳ ತೆರಪೇ ಇಲ್ಲವಾಗುವುದು. ಮೋಟಾರನ್ನು ನಿಯಂತ್ರಿಸುವ ಇನ್ವರ್ಟರಿನಿಂದ ಹುಟ್ಟುವ ವಿದ್ಯುತ್ತು ಗುಂಡುಗಳ ಮೂಲಕ ಹಾರಿ ಲೋಹದ ಮೈಯನ್ನು ಚುಚ್ಚುವ ಹೊಸ ವ್ಯಾಧಿಯೂ ಉಂಟು. ಅದಕ್ಕಾಗಿ ಕೆಲವೆಡೆ ಪಿಂಗಾಣಿಯ ಗುಂಡುಗಳನ್ನು ಬಳಸುವರು. ಎಂಜಿನ್ ಹೋಗಬಹುದು, ತೆರಪಿನ ಪ್ರಶ್ನೆ ಹೋಗದು.

ಈಗ ಕಾಲೇಜಿನ ಮಾತು. ನಮ್ಮ ಪ್ರಯೋಗಾಲಯಗಳಲ್ಲಿ ಸ್ಕ್ರೂ ಗೇಜ್ ಎಂಬ ಉಪಕರಣ ಇಲ್ಲದಿರುವುದಿಲ್ಲ. ಅದರ ಕನಿಷ್ಠ ಅಳತೆ 0.01 ಮಿಲಿಮೀಟರ್. ವರ್ಷ ವರ್ಷವೂ ವಿದ್ಯಾರ್ಥಿಗಳು ಅದರಿಂದ ಅದೇ ತಂತಿಯ ವ್ಯಾಸವನ್ನು ಅಳೆಯುವರು. ಉತ್ತರ ಮೊದಲೇ ಗೊತ್ತಿರುವುದರಿಂದ ಅಳತೆಗೂ ಮುಂಚೆ ಕೋಷ್ಟಕ ತುಂಬಿರುವುದೂ ಉಂಟು. ಆ ಅಳತೆ ತಪ್ಪಿದರೆ ಏನೂ ಕೆಡುವುದಿಲ್ಲ. ಆದುದರಿಂದಲೇ ಅದು ಏನನ್ನೂ ಕಲಿಸುವುದಿಲ್ಲ. ಅದೇ ಮೇಜಿನ ಮೇಲೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುವ ಒಂದು ಹಳೆಯ ಕ್ರ್ಯಾಂಕ್ ಷಾಫ್ಟನ್ನು ಇಟ್ಟು, ‘ಇದಕ್ಕೆ ಯಾವ ಷೆಲ್ ಬೇಕು? ಸಾಣೆ ಬೇಕೆ, ಬೇಡವೆ?’ ಎಂದು ಕೇಳಿದರೆ ಹೇಗೆ? ಅದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಪ್ರತಿಯೊಬ್ಬನೂ ತಾನೇ ಅಳೆಯಬೇಕು; ನಾಲ್ವರ ಅಳತೆಗಳು ಕೂಡದಿದ್ದರೆ ಏಕೆ ಕೂಡಲಿಲ್ಲವೆಂದು ಚರ್ಚಿಸಬೇಕು. ದೋಷದ ಗಣಿತ ಆಗ ಜೀವ ತಳೆಯುವುದು. 0.01 ಮಿಲಿಮೀಟರಿನ ಉಪಕರಣ ಈ ಕೆಲಸಕ್ಕೆ ಸಾಲದೆಂಬುದನ್ನೂ ವಿದ್ಯಾರ್ಥಿ ತಾನಾಗಿಯೇ ಕಂಡುಕೊಳ್ಳುವನು. ಅಳತೆಯ ವಿದ್ಯೆಯಲ್ಲಿ ಅದಕ್ಕಿಂತ ದೊಡ್ಡ ಪಾಠ ಬೇರೊಂದಿಲ್ಲ.

ಪೀಣ್ಯದಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಎನ್.ಟಿ.ಟಿ.ಎಫ್. ಸಂಸ್ಥೆ ತರುಣರಿಗೆ ಕೈಕೆಲಸದೊಡನೆ ತಾಂತ್ರಿಕ ಶಿಕ್ಷಣ ಕೊಡುತ್ತಿದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ರಾಜಾಜಿನಗರದಲ್ಲಿದೆ. ಅಲ್ಲಿನ ವಿದ್ಯಾರ್ಥಿಗೂ ನಮ್ಮ ಪದವಿ ಕಾಲೇಜಿನ ವಿದ್ಯಾರ್ಥಿಗೂ ಪರಿಚಯವೇ ಇಲ್ಲದಿರುವುದು ನಮ್ಮ ಶಿಕ್ಷಣದ ದೊಡ್ಡ ಕೊರತೆ. ಒಬ್ಬನಿಗೆ ರೆನಾಲ್ಡ್ಸನ ಸಮೀಕರಣ ಗೊತ್ತು, ಜರ್ನಲನ್ನು ಮುಟ್ಟಿ ತಿಳಿಯದು. ಇನ್ನೊಬ್ಬನ ಬೆರಳಿಗೆ ಮೈಕ್ರಾನಿನ ಸ್ಪರ್ಶ ಗೊತ್ತು, ತೆರಪು ಅರ್ಧವಾದರೆ ಎಣ್ಣೆ ಎಂಟನೆಯ ಒಂದಂಶವಾಗುವುದೇಕೆಂದು ಯಾರೂ ಅವನಿಗೆ ಹೇಳಿಲ್ಲ. ತಲೆಯ ಕೆಲಸ ಮೇಲು, ಕೈಯ ಕೆಲಸ ಕೀಳೆಂಬ ನಮ್ಮ ಹಳೆಯ ಭೇದಭಾವ ಇವರಿಬ್ಬರ ನಡುವೆ ಗೋಡೆಯಾಗಿ ನಿಂತಿದೆ. ವರ್ಷಕ್ಕೆ ಎರಡು ದಿನವಾದರೂ ಭೌತವಿಜ್ಞಾನದ ತರಗತಿ ಪೀಣ್ಯದ ಕ್ರ್ಯಾಂಕ್ ಸಾಣೆಯ ಅಂಗಡಿಯಲ್ಲಿ ನಡೆಯಲಿ. ಅಲ್ಲಿನ ಕುಶಲಿಯನ್ನು ಕಾಲೇಜಿಗೆ ಕರೆಸಿ, ಗೌರವಧನ ಕೊಟ್ಟು, ಮೈಕ್ರೋಮೀಟರ್ ಹಿಡಿಯುವುದನ್ನು ಆತನಿಂದ ಕಲಿಯೋಣ. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಪಠ್ಯಪುಸ್ತಕವೂ ಬೇಡ.

ಕ್ರೀಡಾಕಾರನ್ನು ಕೊಳ್ಳುವ ಭಾಗ್ಯ ಈ ಪತ್ರಿಕೆಯ ವಾಚಕರಲ್ಲಿ ಎಷ್ಟು ಮಂದಿಗೆ ಬರುವುದೋ ಹೇಳಲಾಗದು. ಆದರೆ ನೀರೆತ್ತುವ ಪಂಪಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ, ಮೆಟ್ರೋ ರೈಲಿನಲ್ಲಿ, ತಿರುಗುವ ಎಲ್ಲದರಲ್ಲಿಯೂ ಬೇರಿಂಗ್ ಉಂಟು. ಅದರ ತೆರಪು ಕೆಟ್ಟರೆ ಎಲ್ಲವೂ ನಿಲ್ಲುವುದು. ಮುಂದೊಂದು ದಿನ ಯಾವುದಾದರೂ ಯಂತ್ರದ ಬೇರಿಂಗನ್ನು ಬದಲಾಯಿಸುವ ಸಂದರ್ಭ ಒದಗಿದರೆ, ‘ಯಾವ ಕಂಪೆನಿಯದು, ಬೆಲೆ ಎಷ್ಟು?’ ಎಂದು ಕೇಳುವ ಮೊದಲು, ‘ಷಾಫ್ಟಿನ ಅಳತೆ ಎಷ್ಟು, ತೆರಪು ಎಷ್ಟು, ಹಳೆಯದು ಏಕೆ ಕೆಟ್ಟಿತು?’ ಎಂದು ಕೇಳುವ ಅಭ್ಯಾಸ ನಮ್ಮ ತರುಣರಲ್ಲಿ ಬೆಳೆಯಲಿ. ಷೆಲ್ಲನ್ನು ಹಣ ಕೊಟ್ಟು ತರಬಹುದು. ತೆರಪನ್ನು ಮಾತ್ರ ನಾವೇ ಅಳೆದು ಮಾಡಿಕೊಳ್ಳಬೇಕು.